ಟೋಲ್ ತಪ್ಪಿಸುವ ಒಳದಾರಿ: ಲೆಕ್ಕ ಹಾಕಿ ನೋಡಿದ್ದೀರಾ?

ಮೂರು ದಶಕಗಳಿಗೂ ಹೆಚ್ಚು ಕಾಲ ಬೀದರ್ ಮತ್ತು ಕಲಬುರಗಿ ಜಿಲ್ಲೆಗಳಲ್ಲಿ ರಸ್ತೆ ಹಾಕಿಸಿದವನು ನಾನು. ರಸ್ತೆಯ ಬಗ್ಗೆ ಕೇಳಿ ಎಂದರೆ ಬರುವ ಪತ್ರಗಳಲ್ಲಿ ಹೆಚ್ಚಿನವು ಟೋಲ್ ಕಟ್ಟದೆ ದಾಟುವುದು ಹೇಗೆ ಎಂದೇ ಕೇಳುತ್ತವೆ. ಇಷ್ಟು ದಿನ ಪಕ್ಕಕ್ಕಿಡುತ್ತಿದ್ದೆ. ಈ ಸಲ ಒಂದು ಪತ್ರಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ, ಉಳಿದವುಗಳಿಗೆ ಒಂದೆರಡು ಮಾತು ಸಾಕು.

ಲಾರಿ ಮಾಲೀಕರೊಬ್ಬರ ಪತ್ರ: ನನ್ನ ಬಳಿ ಹತ್ತು ಚಕ್ರದ ಎರಡು ಲಾರಿಗಳಿವೆ. ಹುಮನಾಬಾದ್ ಕಡೆಯಿಂದ ಹೈದರಾಬಾದಿಗೆ ತೊಗರಿಬೇಳೆ ಒಯ್ಯುತ್ತವೆ. ಮಂಗಲಗಿ ಟೋಲ್ ಬರುವ ಮುಂಚೆಯೇ ಚಾಲಕರು ಹಳ್ಳಿಗಳ ಒಳದಾರಿ ಹಿಡಿದು, ಸುಮಾರು 14 ಕಿ.ಮೀ. ಹೆಚ್ಚು ಸುತ್ತಿ ಮತ್ತೆ ಹೆದ್ದಾರಿ ಸೇರುತ್ತಾರೆ. ಇದು ಅಪರಾಧವೇ? ನನಗೆ ಉಳಿತಾಯವೇ?

ಅಪರಾಧವಲ್ಲ. ಹಳ್ಳಿಯ ರಸ್ತೆಯೂ ಸಾರ್ವಜನಿಕ ರಸ್ತೆಯೇ. ಭಾರಿ ವಾಹನಗಳಿಗೆ ನಿಷೇಧವೆಂದು ಅಲ್ಲಿ ಫಲಕವಿದ್ದರೆ ಮಾತ್ರ ಅದನ್ನು ಮೀರಿದ್ದಕ್ಕೆ ದಂಡ ಬೀಳುತ್ತದೆ.

ಉಳಿತಾಯದ ಮಾತಿಗೆ ಬರೋಣ. ತುಂಬಿದ ಲಾರಿ ಹೆದ್ದಾರಿಯಲ್ಲಿ ಲೀಟರಿಗೆ ನಾಲ್ಕು ಕಿ.ಮೀ. ಕೊಡುತ್ತದೆ ಎಂದುಕೊಳ್ಳಿ. ಹಳ್ಳಿ ದಾರಿಯಲ್ಲಿ ಉಬ್ಬು, ತಿರುವು, ಎದುರಿಗೆ ಕುರಿ ಹಿಂಡು, ಎರಡನೇ ಮೂರನೇ ಗೇರಿನ ಓಟ. ಅಲ್ಲಿ ಮೂರು ಕೊಟ್ಟರೆ ಹೆಚ್ಚು. 14 ಕಿ.ಮೀ. ಎಂದರೆ ನಾಲ್ಕೂವರೆ ಲೀಟರಿಗಿಂತ ಹೆಚ್ಚು ಡೀಸೆಲ್. ಲೀಟರಿಗೆ 90 ರೂಪಾಯಿ ಹಿಡಿದರೂ ನಾನೂರ ಇಪ್ಪತ್ತು ರೂಪಾಯಿ ಅಲ್ಲಿಗೇ ಹೋಯಿತು. ಟೈರು, ಸ್ಪ್ರಿಂಗ್ ಪಟ್ಟಿ, ಬ್ರೇಕ್ ಲೈನರ್ ಸವೆದದ್ದನ್ನು ಮತ್ತು ಮುಕ್ಕಾಲು ಗಂಟೆ ತಡವಾದದ್ದನ್ನು ನಾನು ಇನ್ನೂ ಸೇರಿಸಿಲ್ಲ. ಈ ಮೊತ್ತದ ಪಕ್ಕದಲ್ಲಿ ನಿಮ್ಮ ಟೋಲ್ ದರವನ್ನು ಇಟ್ಟು ನೋಡಿ.

ನೀವು ಚಾಲಕರನ್ನು ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಫಾಸ್ಟ್ಯಾಗ್ ಖಾತೆ ನಿಮ್ಮದು, ಟೋಲ್ ಹಣ ಅವರ ಜೇಬಿನಿಂದ ಹೋಗುವುದಿಲ್ಲ. ಆದರೂ ಕತ್ತಲಲ್ಲಿ ಇಕ್ಕಟ್ಟಿನ ದಾರಿಗೆ ಲಾರಿ ತಿರುಗಿಸುತ್ತಾರೆ ಎಂದರೆ ಏನು ಕಾರಣ? ನನ್ನ ಅನುಭವದಲ್ಲಿ ಹತ್ತಕ್ಕೆ ಎಂಟು ಸಲ ಅವರು ತಪ್ಪಿಸುವುದು ತೂಕವನ್ನು. ಟೋಲ್ ಗೇಟಿನಲ್ಲಿ ಹಣ ಕಡಿತವಾಗುವುದರ ಜೊತೆಗೆ ತೂಕವೂ ದಾಖಲಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್‌ನಿಂದ 28.5 ಟನ್‌ಗೆ ಏರಿಸಿತು. ಅದೂ ಸಾಲದೆಂದು ತುಂಬುವವರಿಗೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ. ನಿಮ್ಮ ಲಾರಿಯನ್ನು ಒಮ್ಮೆ ನೀವೇ ಕಾಟಾ ಮಾಡಿಸಿ. ಗೊತ್ತಾಗುತ್ತದೆ.

ಇನ್ನು ನನಗೆ ಸಂಕಟ ತರುವ ವಿಷಯ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಸುತ್ತಿ ಸುತ್ತಿ ಓಡಿಸಿ ಒಂದು ದೊಡ್ಡ ಪ್ರಯೋಗ ನಡೆಸಿದರು. ರಸ್ತೆ ಎಂಜಿನಿಯರುಗಳೆಲ್ಲ ಇಂದಿಗೂ ಅದರ ಮೇಲೆಯೇ ಲೆಕ್ಕ ಕಟ್ಟುತ್ತೇವೆ. ಚಕ್ರಗಳ ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಹೆಚ್ಚುಕಡಿಮೆ ಹದಿನಾರು ಪಟ್ಟಾಗುತ್ತದೆ. ಕಾಲು ಭಾಗ ಹೆಚ್ಚು ಹೇರಿದರೆ ಹಾನಿ ಸುಮಾರು ಎರಡೂವರೆ ಪಟ್ಟು. ಹಳ್ಳಿಯ ಒಂಟಿ ಪಥದ ರಸ್ತೆಯ ಅಗಲ 3.75 ಮೀಟರ್. ಟ್ರ್ಯಾಕ್ಟರ್, ಟಂಟಂ, ದಿನಕ್ಕೆ ನಾಲ್ಕು ಸಲ ಬರುವ ಸರ್ಕಾರಿ ಬಸ್ಸನ್ನು ಮನಸ್ಸಿನಲ್ಲಿಟ್ಟು ಅದರ ದಪ್ಪ ನಿರ್ಧರಿಸುತ್ತೇವೆ. ಸಾಲದ್ದಕ್ಕೆ ನಮ್ಮ ಕಡೆ ಬಹಳ ರಸ್ತೆಗಳ ಅಡಿಯಲ್ಲಿರುವುದು ಕರಿ ಎರೆಮಣ್ಣು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಮೆತ್ತಗಾಗುತ್ತದೆ. ಆ ಹೊತ್ತಿನಲ್ಲಿ ಹತ್ತು ಚಕ್ರದ ಲಾರಿ ಅಂಚಿಗಿಳಿದರೆ ಡಾಂಬರು ರೊಟ್ಟಿಯ ಚೂರಿನಂತೆ ಮುರಿಯುತ್ತದೆ.

ನಾನೇ ನಿಂತು ಹಾಕಿಸಿದ ಗ್ರಾಮ ಸಡಕ್ ಯೋಜನೆಯ ಒಂದು ರಸ್ತೆ ಮೂರು ಮಳೆಗಾಲ ಕಲ್ಲಿನಂತೆ ನಿಂತಿತ್ತು. ನಾಲ್ಕನೆಯ ವರ್ಷ ಟೋಲ್ ತಪ್ಪಿಸುವ ಟಿಪ್ಪರುಗಳು ಅದನ್ನು ಕಂಡುಕೊಂಡವು. ದೀಪಾವಳಿಯ ಹೊತ್ತಿಗೆ ಎರಡು ಗಾಲಿಯ ಸಾಲಿನಲ್ಲಿ ಮೊಣಕಾಲುದ್ದದ ತಗ್ಗು. ಶಾಲೆಗೆ ಹೋಗುವ ಮಕ್ಕಳು ಲಾರಿ ಕಂಡ ಕೂಡಲೇ ಸೈಕಲ್ ಇಳಿದು ಹೊಲದೊಳಗೆ ಸರಿದು ನಿಲ್ಲುತ್ತಿದ್ದರು. ಅಂಥ ರಸ್ತೆಗೆ ಗುತ್ತಿಗೆದಾರನ ನಿರ್ವಹಣೆ ಐದು ವರ್ಷ ಮಾತ್ರ. ಆಮೇಲೆ ಅನುದಾನಕ್ಕೆ ಕಾಯಬೇಕು. ನೀವು ಉಳಿಸಿದ ಟೋಲನ್ನು ಆ ಊರಿನವರು ಕಟ್ಟಿದರು.

ಅಪಾಯದ ಮಾತೂ ಇದೆ. ಕಬ್ಬು ಕಡಿಯುವ ಕಾಲದಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಹೋಗುತ್ತವೆ. ಎಳ್ಳ ಅಮಾವಾಸ್ಯೆಯ ದಿನ ಊರಿಗೆ ಊರೇ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೊರಡುತ್ತದೆ. ಟೋಲ್ ಹೆದ್ದಾರಿಯಲ್ಲಿ ಕೆಟ್ಟು ನಿಂತರೆ 1033ಕ್ಕೆ ಕರೆ ಮಾಡಬಹುದು, ಕ್ರೇನ್ ಬರುತ್ತದೆ. ಒಳದಾರಿಯಲ್ಲಿ ಅದಿಲ್ಲ. ಕತ್ತಲಾದ ಮೇಲೆ ನಾನು ಎಷ್ಟೇ ತುರ್ತಿದ್ದರೂ ಗೊತ್ತಿಲ್ಲದ ಹಳ್ಳಿ ರಸ್ತೆಗೆ ಕಾರು ಇಳಿಸುವುದಿಲ್ಲ. ಅತಿ ಎಚ್ಚರ ಎಂದರೆ ಅನ್ನಿ.

ಕಾನೂನೇ ಕೊಡುವ ರಿಯಾಯಿತಿಯನ್ನು ಏಕೆ ಬಿಡುತ್ತೀರಿ? 24 ಗಂಟೆಯೊಳಗೆ ಮರಳಿದರೆ ಎರಡು ಕಡೆಗೂ ಸೇರಿ ಒಂದೂವರೆ ಪಟ್ಟು ದರ. ತಿಂಗಳಿಗೆ 50 ಸಲ ದಾಟುವ ಪಾಸ್ ಪಡೆದರೆ ಪ್ರತಿ ಸಲಕ್ಕೆ ಮೂರನೇ ಎರಡು ಭಾಗ. ಟೋಲ್ ಇರುವ ಜಿಲ್ಲೆಯಲ್ಲೇ ನೋಂದಣಿಯಾದ ವಾಣಿಜ್ಯ ವಾಹನಕ್ಕೆ ಅರ್ಧ ದರ, ಆದರೆ ನ್ಯಾಷನಲ್ ಪರ್ಮಿಟ್ ಲಾರಿಗೆ ಅದು ಸಿಗುವುದಿಲ್ಲ.

12 ಗಂಟೆಯೊಳಗೆ ವಾಪಸ್ ಬಂದರೆ ಟೋಲ್ ಇಲ್ಲವಂತೆ, ನಿಜವೇ? (ಸೇಡಂ)

ಸುಳ್ಳು. ಆ ವಾಟ್ಸ್ಆ್ಯಪ್ ಸಂದೇಶವನ್ನು ಇನ್ನು ನನಗೆ ಕಳುಹಿಸಬೇಡಿ.

ದಿನಕ್ಕೆ ಮೊದಲ 20 ಕಿ.ಮೀ. ಉಚಿತವಲ್ಲವೇ? (ಯಾದಗಿರಿ)

ಟೋಲ್ ನಿಯಮಗಳಿಗೆ ಆದ 2024ರ ಸೆಪ್ಟೆಂಬರ್ ತಿದ್ದುಪಡಿ ಉಪಗ್ರಹ ಆಧಾರಿತ ಉಪಕರಣ ಅಳವಡಿಸಿದ ವಾಹನಗಳಿಗೆ ಸಂಬಂಧಿಸಿದ್ದು. ನಿಮ್ಮ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್‌ಗೆ ಅದು ಅನ್ವಯಿಸುವುದಿಲ್ಲ. ನಿಮ್ಮ ಮನೆ ಟೋಲ್‌ನಿಂದ 20 ಕಿ.ಮೀ. ಒಳಗಿದ್ದು ಕಾರು ಸ್ವಂತ ಬಳಕೆಯದಾದರೆ ಸ್ಥಳೀಯ ಮಾಸಿಕ ಪಾಸ್ ಮಾಡಿಸಿ. 2025-26ರಲ್ಲಿ ಅದಕ್ಕೆ 350 ರೂಪಾಯಿ ಇತ್ತು.

ಒಬ್ಬ ಏಜೆಂಟ್ ಪತ್ರಕರ್ತರ ಗುರುತಿನ ಚೀಟಿ ಕೊಡಿಸುತ್ತೇನೆ, ಎಲ್ಲ ಟೋಲ್ ಮಾಫಿ ಎನ್ನುತ್ತಾನೆ. (ಕಲಬುರಗಿ)

ಪತ್ರಕರ್ತರಿಗೇ ವಿನಾಯಿತಿ ಇಲ್ಲ. ಅವನು ಮೋಸಗಾರ. ದುಡ್ಡು ಕೊಟ್ಟಿದ್ದರೆ ಪೊಲೀಸರಿಗೆ ದೂರು ಕೊಡಿ. ತಿರುವಿನಲ್ಲಿ ನಿಂತು ಐವತ್ತು ರೂಪಾಯಿಗೆ ಒಳದಾರಿ ತೋರಿಸುವವರೂ ಇದೇ ಬಗೆಯವರು. ಗುಜರಾತಿನ ಮೋರ್ಬಿ ಜಿಲ್ಲೆಯಲ್ಲಿ ಖಾಸಗಿ ಜಾಗದೊಳಗೆ ದಾರಿ ಮಾಡಿ ನಕಲಿ ಟೋಲ್ ಗೇಟನ್ನೇ ನಡೆಸುತ್ತಿದ್ದುದು 2023ರ ಡಿಸೆಂಬರ್‌ನಲ್ಲಿ ಬಯಲಾಯಿತು.

ರಸ್ತೆಯೇ ಹದಗೆಟ್ಟಿರುವಾಗ ಟೋಲ್ ಏಕೆ ಕಟ್ಟಬೇಕು? (ಬಸವಕಲ್ಯಾಣ)

ನ್ಯಾಯವಾದ ಸಿಟ್ಟು. ಕೇರಳದ ಪಾಲಿಯೆಕ್ಕರ ಟೋಲ್‌ನಲ್ಲಿ 2025ರ ಆಗಸ್ಟ್‌ನಲ್ಲಿ ಅಲ್ಲಿನ ಹೈಕೋರ್ಟ್ ವಸೂಲಿಯನ್ನು ಕೆಲಕಾಲ ನಿಲ್ಲಿಸಿತು, ಸುಪ್ರೀಂ ಕೋರ್ಟ್ ಆ ಆದೇಶದಲ್ಲಿ ಕೈ ಹಾಕಲಿಲ್ಲ. ದಿನಾಂಕವಿರುವ ಫೋಟೊ ಸಹಿತ ದೂರು ಕೊಡಿ, ಸಂಘ ಕಟ್ಟಿಕೊಂಡು ನ್ಯಾಯಾಲಯಕ್ಕೆ ಹೋಗಿ. ಒಳದಾರಿ ಹಿಡಿದರೆ ಹೆದ್ದಾರಿಯ ಒಂದು ಗುಂಡಿಯೂ ಮುಚ್ಚುವುದಿಲ್ಲ.

ಟೋಲ್ ತಪ್ಪಿಸುವ ಲಾರಿಗಳು ರಾತ್ರಿಯಿಡೀ ನಮ್ಮೂರೊಳಗೆ ಬರುತ್ತವೆ. ಊರವರು ಕಲ್ಲು ನೆಟ್ಟು ದಾರಿ ಕಟ್ಟಬೇಕೆಂದಿದ್ದಾರೆ. (ಚಿಟಗುಪ್ಪ ತಾಲ್ಲೂಕು)

ಕಟ್ಟಬೇಡಿ. ಗ್ರಾಮಸಭೆಯಲ್ಲಿ ಠರಾವು ಮಾಡಿ, ಒಂದು ವಾರ ಲಾರಿಗಳ ಸಂಖ್ಯೆ ಮತ್ತು ಸಮಯ ಬರೆದಿಟ್ಟು, ಜಿಲ್ಲಾಧಿಕಾರಿಗಳಿಗೂ ಪ್ರಾದೇಶಿಕ ಸಾರಿಗೆ ಅಧಿಕಾರಿಗಳಿಗೂ ಕೊಡಿ. ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನ ಪ್ರಕಾರ ಆ ರಸ್ತೆಗೆ ಭಾರಿ ವಾಹನ ನಿಷೇಧಿಸಲು ಅವಕಾಶವಿದೆ. ಕಲ್ಲು ಮಾತ್ರ ನೆಡಬೇಡಿ, ಹೆರಿಗೆ ನೋವಿನ ಹೆಣ್ಣುಮಗಳನ್ನು ಕರೆದೊಯ್ಯಲು 108 ಆಂಬುಲೆನ್ಸ್ ಅದೇ ದಾರಿಯಲ್ಲಿ ಬರಬೇಕು.