ಗಿಲೀಟಿನ ಪಿಸ್ತೂಲಿಗೆ ಬೆಲೆ ಎಷ್ಟು?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ಇತ್ತೀಚೆಗೆ ತೀರಿಕೊಂಡ ನಮ್ಮ ತಂದೆಯವರ ಲೈಸೆನ್ಸಿನಲ್ಲಿದ್ದ .32 ಕೋಲ್ಟ್ ಪಿಸ್ತೂಲು ಮನೆಯಲ್ಲಿದೆ. ಮೈತುಂಬ ಬಳ್ಳಿ ಕೆತ್ತನೆ, ಚಿನ್ನದ ಬಣ್ಣ, ಮುತ್ತಿನ ಚಿಪ್ಪಿನ ಹಿಡಿ. ‘ಇದು ಸ್ಪೆಷಲ್ ಎಡಿಷನ್’ ಎನ್ನುತ್ತಿದ್ದರು. ಇದರ ಇತಿಹಾಸ ತಿಳಿಯುವುದು ಹೇಗೆ? ಎಷ್ಟು ಬೆಲೆ ಬಾಳೀತು?
– ಓದುಗರು, ಬಸವನಗುಡಿ

ಉತ್ತರ: ಮೊದಲು ಅದನ್ನು ಮನೆಯಿಂದ ಹೊರಗೆ ಕಳಿಸಿ. ಲೈಸೆನ್ಸ್ ತಂದೆಯವರ ಹೆಸರಿನದು. ಅವರ ನಂತರ ಅದು ನಿಮ್ಮ ಬೀರುವಿನಲ್ಲಿರುವುದು ಕಾನೂನಿಗೆ ಒಪ್ಪದ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯಲ್ಲೋ ಠೇವಣಿ ಇಡಬೇಕು. ಠಾಣೆಗೆ ಮೊದಲು ತಿಳಿಸಿ, ಅವರು ಹೇಳಿದಂತೆ ಸಾಗಿಸಿ. ವ್ಯಾಪಾರಿಯ ಅಂಗಡಿ ವಾಸಿ. ಪರೀಕ್ಷೆ, ಫೋಟೊ ಎಲ್ಲ ಅಲ್ಲೇ ಆಗುತ್ತದೆ. ರಸೀದಿಯಲ್ಲಿ ಕಂಪನಿ, ಬೋರ್ (ನಳಿಕೆಯ ಒಳ ಅಳತೆ), ಸೀರಿಯಲ್ ನಂಬರ್, ಗುಂಡು ತುಂಬುವ ಮ್ಯಾಗಜಿನ್ ಎಷ್ಟು, ಪೆಟ್ಟಿಗೆ ಇದೆಯೇ ಎಂಬುದನ್ನೆಲ್ಲ ಬರೆಸಿಕೊಳ್ಳಿ. ಕೆತ್ತನೆ, ಚಿಪ್ಪಿನ ಹಿಡಿಯನ್ನೂ ನಮೂದಿಸಿರಲಿ. ನಾಳೆ ಹಿಡಿ ಬದಲಾದರೆ ಕೇಳಲು ನಿಮ್ಮ ಬಳಿ ಬೇರೆ ಆಧಾರವಿರುವುದಿಲ್ಲ.

ಇನ್ನು ಇತಿಹಾಸ. .32 ಕೋಲ್ಟ್ ಎಂದರೆ ಬಹುಮಟ್ಟಿಗೆ ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ 1903ರ ಪಾಕೆಟ್ ಮಾದರಿ. ಮೇಲಿನ ಸ್ಲೈಡಿನ (ಹಿಂದೆಮುಂದೆ ಸರಿಯುವ ಭಾಗದ) ಮೇಲೆ ‘ಕ್ಯಾಲಿಬರ್ 32 ರಿಮ್‌ಲೆಸ್ ಸ್ಮೋಕ್‌ಲೆಸ್’ ಎಂದಿದೆಯೇ ನೋಡಿ. ಇದು 1903ರಿಂದ 1945ರವರೆಗೆ ಐದೂವರೆ ಲಕ್ಷಕ್ಕೂ ಹೆಚ್ಚು ತಯಾರಾಯಿತು. ಹಾಗಾಗಿ ಮಾದರಿಯೇನೂ ಅಪರೂಪದ್ದಲ್ಲ. ಅಪರೂಪ ಇದ್ದರೆ ಅದು ನಿಮ್ಮ ಪಿಸ್ತೂಲಿನ ಕೆತ್ತನೆಯಲ್ಲಿ. ಅದೂ ಅಮೆರಿಕದ ಹಾರ್ಟ್‌ಫರ್ಡ್‌ನ ಕೋಲ್ಟ್ ಕಾರ್ಖಾನೆಯಲ್ಲೇ ಆಗಿದ್ದರೆ ಮಾತ್ರ.

ಅದನ್ನು ಪತ್ತೆ ಮಾಡಲು ಹತ್ತು ಪಟ್ಟು ದೊಡ್ಡದು ಮಾಡುವ ಭೂತಕನ್ನಡಿ ಸಾಕು. ಕಾರ್ಖಾನೆಯವರು ಮೊದಲು ಕೆತ್ತಿ, ಆಮೇಲೆ ಮೆರುಗು ಕೊಡುತ್ತಿದ್ದರು. ಆದ್ದರಿಂದ ಗೆರೆಯ ತಳದಲ್ಲೂ ಮೇಲ್ಮೈಯಲ್ಲೂ ಒಂದೇ ಬಣ್ಣ ಇರಬೇಕು. ಕರಿನೀಲಿ ಮೆರುಗಿನ ನಡುವೆ ಗೆರೆಗಳಲ್ಲಿ ಬಿಳಿ ಲೋಹ ಇಣುಕಿದರೆ ಕೆತ್ತನೆ ಆಮೇಲಿನದು. ಗಿಲೀಟು ಪೂರ್ತಿ ಮುಚ್ಚಿದ್ದರೆ ಈ ಪರೀಕ್ಷೆ ನಡೆಯದು. ಆಗ ಅಕ್ಷರ ನೋಡಿ. ಕೆತ್ತಿದ ಬಳ್ಳಿಯು ಕಂಪನಿಯ ಹೆಸರಿನ ಮೇಲೆ, ಪೇಟೆಂಟ್ ದಿನಾಂಕದ ಮೇಲೆ ಹಾದುಹೋಗಿದ್ದರೆ ಅದು ಹೊರಗಿನ ಅಕ್ಕಸಾಲಿಯ ಕೈಕೆಲಸ. ಅಕ್ಷರಗಳ ಅಂಚು ಮೊಂಡಾಗಿದ್ದರೆ, ಸ್ಕ್ರೂ ತೂತಿನ ಬಾಯಿ ತಟ್ಟೆಯಂತೆ ಹಳ್ಳ ಬಿದ್ದಿದ್ದರೆ, ಹಳೆಯ ಮೈಯನ್ನು ಉಜ್ಜಿ ಮತ್ತೆ ಗಿಲೀಟು ಹಾಕಿದ್ದಾರೆ ಎಂದರ್ಥ. ಗಿಲೀಟಿನ ಅಡಿಯಲ್ಲಿ ತುಕ್ಕು ತಿಂದ ಗುಳಿಗಳಿದ್ದರಂತೂ ಅನುಮಾನವೇ ಬೇಡ. ಇಂಥ ಅಲಂಕಾರದ ಆಸೆ ಹಳೆಯ ಕುಟುಂಬಗಳಲ್ಲಿ ಇತ್ತು. ಮಾಡಿಸಿದವರಿಗೆ ಖುಷಿ, ಸಂಗ್ರಾಹಕರಿಗೆ ತಲೆನೋವು.

ಇದೆಲ್ಲ ಅಂದಾಜು. ಪ್ರಮಾಣ ಬೇಕಿದ್ದರೆ ಕೋಲ್ಟ್ ಕಂಪನಿಯ ದಾಖಲೆ ವಿಭಾಗದಿಂದ ಶುಲ್ಕ ಕಟ್ಟಿ ಪತ್ರ ತರಿಸಬೇಕು. ಸೀರಿಯಲ್ ನಂಬರ್ ಕೊಟ್ಟರೆ, ಕಾರ್ಖಾನೆಯಿಂದ ಹೊರಟ ದಿನ, ಯಾರಿಗೆ ಹೋಯಿತು, ಮೆರುಗು ಯಾವುದು, ಹಿಡಿ ಯಾವುದು ಎಂಬ ವಿವರ ಲೆಡ್ಜರಿನಲ್ಲಿ ಇದ್ದಷ್ಟು ಬರುತ್ತದೆ. ಲೆಡ್ಜರಿನಲ್ಲಿ ‘ನೀಲಿ ಮೆರುಗು, ರಬ್ಬರ್ ಹಿಡಿ’ ಎಂದಿದ್ದು ನಿಮ್ಮ ಕೈಯಲ್ಲಿ ಚಿನ್ನದ ಬಣ್ಣ ಇದ್ದರೆ ಉತ್ತರ ಸಿಕ್ಕಿತು. ಅಂತರ್ಜಾಲದ ಸೀರಿಯಲ್ ಪಟ್ಟಿಗಳು ವರ್ಷ ಹೇಳುತ್ತವೆ, ಕೆತ್ತನೆಯ ಸುದ್ದಿ ಹೇಳುವುದಿಲ್ಲ. ನಂಬರನ್ನು ನಕಲು ಮಾಡುವಾಗ 3 ಮತ್ತು 8 ಅದಲುಬದಲಾಗುವುದು ಸಾಮಾನ್ಯ. ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಇತ್ತ ಮನೆಯಲ್ಲಿ ಹಳೆಯ ಲೈಸೆನ್ಸ್ ಪುಸ್ತಕ, ಖರೀದಿ ರಸೀದಿ ಹುಡುಕಿ. ಒಂದು ಹಳದಿ ಚೀಟಿ ಸಿಕ್ಕರೂ ಪಿಸ್ತೂಲು ನಿಮ್ಮ ಮನೆಗೆ ಬಂದ ದಾರಿ ಗೊತ್ತಾದೀತು.

ಬೆಲೆಯ ವಿಷಯದಲ್ಲಿ ಅಮೆರಿಕದ ಹರಾಜಿನ ಡಾಲರನ್ನು ರೂಪಾಯಿಗೆ ಗುಣಿಸಬೇಡಿ. ಖಾಸಗಿಯವರು ವಿದೇಶಿ ಪಿಸ್ತೂಲು ತರಿಸುವುದು 1980ರ ದಶಕದ ನಡುವಿನಿಂದ ಬಿಗಿಯಾಗಿದೆ. ಹಾಗಾಗಿ ಇಲ್ಲಿ ಸಾದಾ ಕೋಲ್ಟಿಗೂ ಅಲ್ಲಿಗಿಂತ ಹೆಚ್ಚು ಕೇಳುತ್ತಾರೆ. ಆದರೆ ಕೊಳ್ಳುವವರು ಆತ್ಮರಕ್ಷಣೆಗೆ ಲೈಸೆನ್ಸ್ ಪಡೆದವರು. ನಳಿಕೆಯ ಒಳಮೈ, ಸ್ಪ್ರಿಂಗು, ಮೂಲ ಮ್ಯಾಗಜಿನ್ ನೋಡುತ್ತಾರೆಯೇ ಹೊರತು ಬಳ್ಳಿಗೆ ಹಣ ಕೊಡುವವರು ಕಡಿಮೆ. ಕಾರ್ಖಾನೆ ಪತ್ರ ಇಲ್ಲದ ಗಿಲೀಟು ಬೆಲೆ ಏರಿಸುವುದಕ್ಕಿಂತ ಇಳಿಸುವುದೇ ಹೆಚ್ಚು. ಇಬ್ಬರು ಮೂವರು ವ್ಯಾಪಾರಿಗಳಿಂದ ಬರವಣಿಗೆಯಲ್ಲಿ ದರ ಪಡೆಯಿರಿ.

ಇಟ್ಟುಕೊಳ್ಳುವ ಮನಸ್ಸಿದ್ದರೆ ವಾರಸುದಾರರಾಗಿ ಪೊಲೀಸ್ ಕಮಿಷನರ್ ಕಚೇರಿಗೆ ಅರ್ಜಿ ಹಾಕಿ. ಉಳಿದ ವಾರಸುದಾರರ ಒಪ್ಪಿಗೆ ಪತ್ರವೂ ಜೊತೆಗಿರಲಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ, ಪಿತ್ರಾರ್ಜಿತವೂ ಆ ಲೆಕ್ಕಕ್ಕೇ ಸೇರುತ್ತದೆ. ಬೇಡವೆಂದರೆ ಠೇವಣಿಯಲ್ಲಿರುವಾಗಲೇ ಲೈಸೆನ್ಸ್ ಇರುವವರಿಗೆ ಮಾರಿ ಹಣ ಪಡೆಯಲು ಅವಕಾಶವಿದೆ. ಠೇವಣಿಯ ಅವಧಿ ಮೀರಿದರೆ ಸರ್ಕಾರಕ್ಕೆ ಜಪ್ತಿ.

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಭಾವ, ಮೊದಲ ಮಹಾಯುದ್ಧದ ನೆನಪಿನ .45 ಕೋಲ್ಟ್ ಕೊಂಡಿದ್ದಾರೆ. 7,400 ಮಾತ್ರ ಇವೆಯಂತೆ. ಒಳ್ಳೆಯ ಹೂಡಿಕೆಯೇ?
– ಓದುಗರು, ಮಲ್ಲೇಶ್ವರ

ಉತ್ತರ: 7,400 ಮಾತ್ರ ಎಂಬುದು ಪೂರ್ತಿ ಸರಿಯಲ್ಲ. 1967ರಿಂದ 1969ರವರೆಗೆ ಶಾತೊ ಥಿಯರಿ, ಬೆಲ್ಲೊ ವುಡ್, ಎರಡನೇ ಮಾರ್ನ್, ಮ್ಯೂಸ್–ಆರ್ಗಾನ್ ಎಂಬ ನಾಲ್ಕು ಕದನಗಳ ಹೆಸರಿನಲ್ಲಿ ಬಂದ ಸರಣಿ ಇದು. ಸಾದಾ ದರ್ಜೆಯಲ್ಲಿ ಒಂದೊಂದು ಕದನಕ್ಕೂ 7,400. ಕೊಂಡವರೆಲ್ಲ ಪೆಟ್ಟಿಗೆಯಲ್ಲೇ ಜೋಪಾನ ಮಾಡಿದ್ದರಿಂದ ಹೊಸದರಂತೆ ಇರುವವೇ ಹೇರಳ. ಒಮ್ಮೆ ಗುಂಡು ಹಾರಿಸಿದರೂ, ಪೆಟ್ಟಿಗೆ ಕಳೆದುಹೋದರೂ ಸಂಗ್ರಾಹಕರ ದರ ಬಿದ್ದುಹೋಗುತ್ತದೆ. ಭಾವನವರು ಸಂತೋಷಕ್ಕೆ ಇಟ್ಟುಕೊಳ್ಳಲಿ, ಉಡುಗೊರೆಯಾಗಿ ಬೆಂಗಳೂರಿಗೆ ತರುವ ಯೋಚನೆ ಮಾತ್ರ ಬೇಡ.

ಪ್ರಶ್ನೆ: ಲೈಸೆನ್ಸ್ ಇರುವ ಹಳೆಯ ಪಿಸ್ತೂಲನ್ನು ಬ್ರಾಸೋ ಹಾಕಿ ಉಜ್ಜಿ, ಚರ್ಮದ ಚೀಲದಲ್ಲಿ ಇಡಬಹುದೇ?
– ಓದುಗರು, ಜಯನಗರ

ಉತ್ತರ: ಎರಡೂ ಬೇಡ. ಬ್ರಾಸೋದಲ್ಲಿ ಉಜ್ಜುವ ಪುಡಿ ಇದೆ, ಅದು ಮೆರುಗನ್ನೇ ಸವೆಸುತ್ತದೆ. ಚರ್ಮ ತೇವ ಹಿಡಿಯುತ್ತದೆ, ಹದ ಮಾಡಿದ ರಾಸಾಯನಿಕವೂ ಅದರಲ್ಲಿ ಉಳಿದಿರುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಚರ್ಮ ತಾಗಿದ ಕಡೆ ತುಕ್ಕಿನ ಚುಕ್ಕೆ ಏಳುತ್ತವೆ. ಗುಂಡು ಇಲ್ಲವೆಂದು ಖಚಿತಪಡಿಸಿಕೊಂಡು, ಬೆವರಿನ ಗುರುತು ಒರೆಸಿ, ಬಂದೂಕಿನ ಎಣ್ಣೆಯನ್ನು ಬಟ್ಟೆಯಿಂದ ತೆಳುವಾಗಿ ಸವರಿ, ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಇಟ್ಟ ಪೆಟ್ಟಿಗೆಯಲ್ಲಿ ಬೀಗ ಹಾಕಿಡಿ. ಜೆಲ್ ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಇಡಿ.