ಎರಡು ಕೈ, ಎರಡು ಲೆಕ್ಕ

ಪ್ರಶ್ನೆ: ನಾನು ವೀಣೆ ಕಲಿತವಳು. ಮಗಳು ಪಿಯಾನೊದಲ್ಲಿ ಆರನೇ ಗ್ರೇಡ್ ಮುಗಿಸಿದ್ದಾಳೆ. ಈಗ ಲಿಗೆಟಿ ಅನ್ನುವವರ ಎಟ್ಯೂಡ್‌ಗಳನ್ನೇ ನುಡಿಸಬೇಕು ಅಂತ ಹಟ ಹಿಡಿದಿದ್ದಾಳೆ. ನನ್ನ ಕಿವಿಗೆ ಬರೀ ಗಲಾಟೆ. ಬಿಡಲಾ, ಬೇಡವಾ?
– ಓದುಗರೊಬ್ಬರು, ಮೈಸೂರು

ಉತ್ತರ: ಕೇಳಲು ಖಂಡಿತ ಬಿಡಿ. ನುಡಿಸಲು ಈಗಲೇ ಬೇಡ, ಪಳಗಿದ ಕೈಗಳೇ ಅಲ್ಲಿ ಬೆವರುತ್ತವೆ.

ಎಟ್ಯೂಡ್ ಅಂದರೆ ನಮ್ಮ ವರಸೆಗಳ ಹಾಗೆ ಅಭ್ಯಾಸದ ಪಾಠ. ಆದರೆ ಹತ್ತೊಂಬತ್ತನೇ ಶತಮಾನದ ಪಿಯಾನೊ ಸಂಯೋಜಕ ಶೋಪಾನ್ ಕಾಲದಿಂದ ಅದನ್ನು ಕಛೇರಿಯಲ್ಲೂ ನುಡಿಸುತ್ತಾರೆ. ಹಂಗೇರಿಯ ಸಂಯೋಜಕ ಗ್ಯೋರ್ಗಿ ಲಿಗೆಟಿ 1985ರಿಂದ 2001ರವರೆಗೆ 18 ಬರೆದರು, ಹೆಚ್ಚಿನವು ಕೆಲವೇ ನಿಮಿಷದವು. ತಮ್ಮ ಕೈಗೆ ಪಿಯಾನೊ ಸರಿಯಾಗಿ ಒಲಿಯಲಿಲ್ಲ ಅನ್ನುವ ಕೊರಗೇ ಇವನ್ನು ಬರೆಸಿತು ಅಂತ ಅವರೇ ಹೇಳಿಕೊಂಡಿದ್ದಾರೆ.

ಗಲಾಟೆ ಅಂದಿರಲ್ಲ, ಮೊದಲನೆಯದರ ಹೆಸರೇ 'ಅಸ್ತವ್ಯಸ್ತ'! ಬಲಗೈಗೆ ಬರೀ ಬಿಳಿ ಕೀ, ಎಡಗೈಗೆ ಬರೀ ಕಪ್ಪು. ಎರಡೂ ಜೊತೆಯಾಗಿ ಹೊರಡುತ್ತವೆ, ಆಮೇಲೆ ಬಲಗೈ ನಡುನಡುವೆ ಒಂದು ಪುಟ್ಟ ಎಣಿಕೆ ನುಂಗಿಬಿಡುತ್ತದೆ, ಪೆಟ್ಟು ಮುಂದೆ ಬೀಳುತ್ತದೆ, ಹೀಗೇ ಕೈಗಳು ದೂರವಾಗುತ್ತಾ ಹೋಗುತ್ತವೆ. ಎಲ್ಲವೂ ಲೆಕ್ಕವೇ, ಒಂದೂ ಸುಮ್ನೆ ಬಂದದ್ದಲ್ಲ. ನಾಲ್ಕನೆಯದು ನಿಮಗೆ ಇನ್ನೂ ಹತ್ತಿರ. ಅದರಲ್ಲಿ ಒಂದಲ್ಲ ಒಂದು ಕೈ ಮೊದಲಿಂದ ಕೊನೆವರೆಗೆ 3+2+3 ಅಂತ ಎಂಟರ ಸುತ್ತು ಹಾಕುತ್ತಲೇ ಇರುತ್ತದೆ. ತಕಿಟ, ತಕ, ತಕಿಟ ಅಂತ ಹೇಳಿಕೊಂಡು ಕೇಳಿ, ಗಲಾಟೆಯೊಳಗೆ ದಾರಿ ಕಾಣುತ್ತದೆ.

ಮಗಳ ಆಸೆಗೆ ಮೂರನೆಯದರ ಉಪಾಯವನ್ನು ಮಾತ್ರ ಇವತ್ತೇ ಮಾಡಿ ನೋಡಲಿ. ಎಡಗೈಯಲ್ಲಿ ಮೂರು ನಾಲ್ಕು ಕೀಗಳನ್ನು ಸದ್ದಾಗದ ಹಾಗೆ ಮೆಲ್ಲಗೆ ಒತ್ತಿ ಹಿಡಿಯಲಿ, ಅದೇ ಜಾಗದಲ್ಲಿ ಬಲಗೈ ಒಂದು ಕೀಯನ್ನೂ ಬಿಡದೆ ಸರಸರ ಓಡಲಿ. ಒತ್ತಿದ ಕೀ ಮೇಲೆ ಬೆರಳು ಬಿದ್ದಾಗ ಸ್ವರ ಬರುವುದಿಲ್ಲ, ಬರೀ 'ಟಕ್'. ಬೆರಳು ಒಂದೇ ಸಮ ಓಡುತ್ತಿದೆ, ಕಿವಿಗೆ ಮಾತ್ರ ತೊಡರುವ ಲಯ. ನಿಲ್ಲಿಸಲು ಮನಸ್ಸೇ ಬರುವುದಿಲ್ಲ, ನೋಡಿ.

ಸದ್ಯ ನುಡಿಸಲು ಹಂಗೇರಿಯ ಇನ್ನೊಬ್ಬ ಸಂಯೋಜಕ ಬಾರ್ಟೋಕ್ ಅವರ 'ಮಿಕ್ರೊಕಾಸ್ಮೊಸ್' ತಂದುಕೊಡಿ. ಆರು ಪುಸ್ತಕ, ಸುಲಭದಿಂದ ಕಷ್ಟಕ್ಕೆ ಹೋಗುವ 153 ತುಣುಕುಗಳು. ನಾಲ್ಕನೇ ಪುಸ್ತಕದ 113 ಮತ್ತು 115ರಿಂದ ಶುರು ಮಾಡಲಿ. ಎರಡೂ ಬಲ್ಗೇರಿಯಾದ ಲಯ, ಮೊದಲನೆಯದು ಏಳರ ಲೆಕ್ಕ, ಇನ್ನೊಂದು ಐದರದು. ತಾಳ ಹಾಕಲು ನೀವೇ ಪಕ್ಕದಲ್ಲಿ ಕೂತುಕೊಳ್ಳಿ.