ಪಿಆರ್ (ಸಾರ್ವಜನಿಕ ಸಂಪರ್ಕ) ಕೆಲಸಕ್ಕೆ ಸೇರಬೇಕು, ಇಂಗ್ಲಿಷ್ ಅಷ್ಟಕ್ಕಷ್ಟೆ. ಏನು ಮಾಡಲಿ?

ಪತ್ರಿಕೋದ್ಯಮದಲ್ಲಿ ಡಿಗ್ರಿ ಆಗಿದೆ, ಬೆಂಗಳೂರಿನಲ್ಲಿ ಪಿಆರ್ ಕೆಲಸ ಹುಡುಕುತ್ತಿದ್ದೇನೆ, ಇಂಗ್ಲಿಷ್ ಸುಮಾರು ಅಂತ ಬರೆದಿದ್ದೀರಿ. ನಾನು ಇಲ್ಲೇ ಒಂದು ಏಜೆನ್ಸಿಯಲ್ಲಿದ್ದೇನೆ. ಇಂಗ್ಲಿಷ್ ಕಲಿಯಲೇಬೇಕು, ಕ್ಲೈಂಟ್ ಜೊತೆ ಮಾತಾಡಬೇಕಲ್ವಾ. ಆದರೆ ನಿಮಗೆ ಬೇಗ ಜಾಗ ಸಿಗುವುದು ಕನ್ನಡದಿಂದ.

ಹೇಗೆ ಅಂದರೆ, ಒಂದು ಕಂಪನಿ ಧಾರವಾಡದ ಹತ್ತಿರ ಕಾರ್ಖಾನೆ ತೆರೆಯುತ್ತದೆ ಅಂದುಕೊಳ್ಳಿ. ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯ ವಾಣಿಜ್ಯ ಪುಟಕ್ಕೆ ಹೂಡಿಕೆ ಎಷ್ಟು ಅನ್ನುವುದು ಸುದ್ದಿ. ಹುಬ್ಬಳ್ಳಿಯ ಸಂಯುಕ್ತ ಕರ್ನಾಟಕಕ್ಕೋ ಪ್ರಜಾವಾಣಿಯ ಹುಬ್ಬಳ್ಳಿ ಆವೃತ್ತಿಗೋ ಊರಿನ ಹುಡುಗರಿಗೆ ಎಷ್ಟು ಕೆಲಸ, ನೀರು ಎಲ್ಲಿಂದ, ಜಮೀನು ಯಾರದು ಅನ್ನುವುದೇ ಸುದ್ದಿ. ಎಲ್ಲರಿಗೂ ಒಂದೇ ಪ್ರೆಸ್ ನೋಟ್ ಕಳಿಸಿದರೆ ಡೆಸ್ಕಿನಲ್ಲಿ ಅದು ಹಾಗೇ ಬಿದ್ದಿರುತ್ತದೆ. ಈ ವ್ಯತ್ಯಾಸ ತಿಳಿದು ಕನ್ನಡದಲ್ಲೇ ಯೋಚಿಸಿ ಬರೆಯುವವರು ಕಡಿಮೆ.

ಇದಕ್ಕೆ ಕೋರ್ಸ್ ಬೇಡ. ಒಂದೆರಡು ತಿಂಗಳು ದಿನಾ ಎರಡು ಕನ್ನಡ ಪತ್ರಿಕೆ, ಒಂದು ಇಂಗ್ಲಿಷ್ ಪತ್ರಿಕೆ ಓದಿ, ಯಾವ ಸುದ್ದಿ ಯಾವ ಪುಟಕ್ಕೆ ಹೋಗಿದೆ, ಯಾವ ವರದಿಗಾರರ ಬೀಟ್ (ಅವರು ಸುದ್ದಿ ಮಾಡುವ ಕ್ಷೇತ್ರ) ಯಾವುದು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಂಜೆ ಪುಟ ಕಟ್ಟುವ ಹೊತ್ತಿನಲ್ಲಿ 'ನೋಟ್ ಬಂತಾ ಸರ್' ಅಂತ ಮಾತ್ರ ಫೋನ್ ಮಾಡಬೇಡಿ, ದಯವಿಟ್ಟು.

ಸಂಕಟದ ಹೊತ್ತು ಹೇಗೆ ನಿಭಾಯಿಸಬೇಕು ಅಂತ ತಿಳಿಯಲು 2015ರ ಮ್ಯಾಗಿ ಪ್ರಕರಣ ಓದಿ. ಸೀಸ ಇದೆ ಅನ್ನುವ ಸುದ್ದಿ ಹಬ್ಬಿ ಜನ ಹೆದರಿದ್ದಾಗ ಮ್ಯಾಗಿ ತಯಾರಿಸುವ ನೆಸ್ಲೆ ಬಾಯಿ ಬಿಟ್ಟಿದ್ದು ತೀರಾ ತಡವಾಗಿ. ಜೂನ್‌ನಲ್ಲಿ ನಿಷೇಧ ಬಂತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು, ಆದರೂ ಅಂಗಡಿಗೆ ವಾಪಸ್ ಬರಲು ನವೆಂಬರ್ ಆಯಿತು. ಅದರ ಜೊತೆಗೆ 1982ರ ಟೈಲೆನಾಲ್ (ಅಮೆರಿಕದ ನೋವಿನ ಮಾತ್ರೆ) ಪ್ರಕರಣವನ್ನೂ ಓದಿ. ಶಿಕಾಗೋದಲ್ಲಿ ಯಾರೋ ಸಯನೈಡ್ ಬೆರೆಸಿದ ಮಾತ್ರೆ ನುಂಗಿ 7 ಜನ ಸತ್ತಾಗ ಅದನ್ನು ಮಾರುತ್ತಿದ್ದ ಜಾನ್ಸನ್ ಅಂಡ್ ಜಾನ್ಸನ್ ಸುಮಾರು 3.1 ಕೋಟಿ ಬಾಟಲಿ ವಾಪಸ್ ತರಿಸಿತು. ನನಗೆ ಇವತ್ತಿಗೂ ಅದೇ ಮಾದರಿ.

ಇನ್ನೊಂದು, ಕವರೇಜ್ ಗ್ಯಾರಂಟಿ ಅಂತ ಕ್ಲೈಂಟ್‌ಗೆ ಯಾವತ್ತೂ ಮಾತು ಕೊಡಬೇಡಿ. ದುಡ್ಡು ಕೊಟ್ಟು ಜಾಗ ತಗೊಂಡರೆ ಅದು ಜಾಹೀರಾತು. ಸುದ್ದಿ ಹಾಕುವುದು ಬಿಡುವುದು ಸಂಪಾದಕರ ಕೈಲಿದೆ.

ಈಗಲೇ ಮಾಡಬಹುದಾದ ಕೆಲಸ ಅಂದರೆ ನಿಮ್ಮೂರಿನ ಶಾಲೆಗೋ ರೈತ ಸಂಘಕ್ಕೋ ಸುಮ್ನೆ ಒಂದು ಪ್ರೆಸ್ ನೋಟ್ ಬರೆದುಕೊಡಿ. ಪತ್ರಿಕೆಯಲ್ಲಿ ಬಂದರೆ ಆ ತುಣುಕನ್ನೂ ನಿಮ್ಮ ಮೂಲ ನೋಟನ್ನೂ ಇಂಟರ್ನ್‌ಶಿಪ್ ಅರ್ಜಿಯ ಜೊತೆ ಕಳಿಸಿ. ನಮ್ಮಲ್ಲಿ ಅರ್ಜಿ ನೋಡುವಾಗ ನಾನು ಅಂಕಪಟ್ಟಿಗಿಂತ ಮೊದಲು ಅದನ್ನೇ ಓದುತ್ತೇನೆ.